ತವರಿನ ಪಾಚಿ ಮುಡಿದ ಏಡಿ

ಕಡಲಿಗೆ ಇನ್ನೂ ಉಪ್ಪು ಸರಿಯಾಗಿ ಹಿಡಿದಿರದ ಕಾಲವದು. ಅಲೆಗಳು ದಡಕ್ಕೆ ಬರುವುದನ್ನು ಆಗಷ್ಟೇ ಕಲಿಯುತ್ತಿದ್ದವು. ಆಗ ಏಡಿಗಳೆಲ್ಲ ಬೋಳು ಬೆನ್ನಿನವು, ಒಂದರಂತೆ ಇನ್ನೊಂದು. ನಗಬೇಡ ಚಂದ್ರಿ, ಹುಟ್ಟಿದಾಗ ನಿನ್ನ ತಲೆಯೂ ಬೋಳೇ ಇತ್ತು.

ಕೆಂಪು ಪಾಚಿಯ ಬಂಡೆಯೊಂದರಲ್ಲಿ ಒಬ್ಬ ತಾಯಿ ಏಡಿ ಇದ್ದಳು. ಮನೆ ತುಂಬ ಹೆಣ್ಣುಮಕ್ಕಳು, ಬಂಡೆ ಸಾಲದಾಯಿತು. ಬೆಳೆದವರನ್ನು ಬೇರೆ ಬೇರೆ ಬಂಡೆಗಳಿಗೆ ಕಳಿಸದೆ ವಿಧಿಯಿರಲಿಲ್ಲ.

ತಾಯಿ ಉಬ್ಬರಣ್ಣನನ್ನು ಕರೆದಳು. ಉಬ್ಬರದ ನೀರು ಅಂದರೆ ಅವನೇ.

"ಅಣ್ಣಾ, ದಿನಾ ಎಲ್ಲ ಬಂಡೆನೂ ಮುಟ್ಟಿ ಬರ್ತೀಯ. ನನ್ ಮಕ್ಕಳು ಯಾವ್ಯಾವ ಬಂಡೆ ಸೇರ್ತಾರೆ ಅಂತ ನೋಡ್ಕಂಡ್ ಬಂದು ಹೇಳ್ತ್ಯಾ?"

"ಹೇಳ್ತೆ ತಂಗೀ. ಆದ್ರೆ ಗುರ್ತು ಹಿಡಿಯೂದ್ ಹೆಂಗೆ?"

ಹೆತ್ತವರಿಗೆ ಹೆಗ್ಗಣವೂ ಮುದ್ದು. ಉಬ್ಬರಣ್ಣನಿಗೆ ಎಲ್ಲ ಏಡಿಯೂ ಒಂದೇ.

ತಾಯಿ ಬಂಡೆಯ ಕೆಂಪು ಪಾಚಿ ಕಿತ್ತು, ಪ್ರತಿ ಮಗಳ ಬೆನ್ನ ಚಿಪ್ಪಿನ ಸಂದಿಗೆ ಒಂದೊಂದು ಎಳೆ ಸಿಕ್ಕಿಸಿ ಕಳಿಸಿಕೊಟ್ಟಳು. ನಾನು ಮದುವೆಯಾಗಿ ದೋಣಿ ಹತ್ತಿದಾಗ ನನ್ನ ಅಬ್ಬೆ ಅಂಗಳದ ಅಬ್ಬಲಿಗೆ ಹೂ ಮುಡಿಸಿ, ನೆಡಲು ಗಿಡದ ರೆಂಬೆಯೊಂದನ್ನು ಕೈಗೆ ಕೊಟ್ಟಿದ್ದಳಲ್ಲ, ಹಾಗೆ.

ಉಬ್ಬರಣ್ಣ ಹೋಗಿ ಬಂದ. ಒಬ್ಬಳು ಹೊಳೆಬಾಯಿಯ ಬಂಡೆಯಲ್ಲಿ, ಒಬ್ಬಳು ನಡುಗಡ್ಡೆಯ ಬುಡದಲ್ಲಿ ಎಂದ. ಕಿರಿಯವಳ ಸುದ್ದಿ ಮಾತ್ರ ಇಲ್ಲ.

"ಹಸಿರು ಬಂಡೇಲಿ ಹುಡುಕ್ದೆ ತಂಗೀ. ಅಲ್ಲಿ ಪಾಚಿ ಬಿಟ್ರೆ ಎಂತದೂ ಇಲ್ಲ."

ತಾಯಿಗೆ ಕೂತಲ್ಲಿ ಕೂರಲಾಗಲಿಲ್ಲ. ಮರುದಿನ ಉಬ್ಬರಣ್ಣನ ಬೆನ್ನೇರಿ ತಾನೇ ಹೊರಟಳು.

ಕಿರಿಯವಳು ಅಲ್ಲೇ ಇದ್ದಳು. ಹಸಿರು ಬಂಡೆಯ ಮೇಲೆ ಕೆಂಪು ಎಳೆ ಎದ್ದು ಕಂಡು, ದೊಡ್ಡ ಮೀನೊಂದು ಅವಳ ಬೆನ್ನು ಹತ್ತಿತ್ತು. "ಆ ಕೆಂಪು ಕಿತ್ತು ಬಿಸಾಕೇ" ಎಂದು ಬಂಡೆ ಬುದ್ಧಿ ಹೇಳಿತು. ಅವಳಿಗೆ ಮನಸ್ಸು ಬರಲಿಲ್ಲ. ಮೈತುಂಬ ಹಸಿರು ಪಾಚಿ ಮುಡಿದು, ಅದರಡಿ ತವರಿನ ಎಳೆ ಬಚ್ಚಿಟ್ಟು, ಕದಲದೆ ಕೂತಿದ್ದಳು.

"ಮಗಾ, ಎಲ್ಲಿದ್ಯೇ?" ಎನ್ನುತ್ತ ತಾಯಿ ಪಕ್ಕದಲ್ಲೇ ಹಾದುಹೋದಳು.

ಮೀನು ಸುತ್ತುತ್ತಲೇ ಇತ್ತು. ಕದಲಿದರೆ ಜೀವ ಹೋದೀತು. ಕದಲದಿದ್ದರೆ ಅಬ್ಬೆ ಹೋಗಿಯೇಬಿಡುತ್ತಾಳೆ. ಕಿರಿಯವಳು ಹಸಿರನ್ನು ಸರಿಸಿ ಕೆಂಪು ಎಳೆ ತೋರಿಸಿದಳು.

"ಅಯ್ಯೋ, ನನ್ ಮಗಳೇ!"

ಮೀನು ನುಗ್ಗಿತು. ಉಬ್ಬರಣ್ಣ ಸುಮ್ಮನಿರಲಿಲ್ಲ, ನೀರನ್ನೆಲ್ಲ ಎಳೆದುಕೊಂಡು ಹಿಂದೆ ಸರಿದ. ಮೀನು ಬಾಲ ಬಡಿಯುತ್ತ ನೀರಿನ ಜೊತೆಗೇ ಹೋಯಿತು. ಬರಿದಾದ ಬಂಡೆಯ ಮೇಲೆ ಅಬ್ಬೆ-ಮಗಳಿಬ್ಬರೇ ಉಳಿದು, ಮನಸಾರೆ ಅತ್ತು, ಆಮೇಲೆ ನಕ್ಕರು.

"ಏಡಿ ಚಿಪ್ಪು ಕಳಚ್ತದಲ್ಲ ಅಜ್ಜಿ, ಆಗ ಎಳೆನೂ ಹೋಯ್ತಲ್ಲ?"

ಭಲೇ ಚಂದ್ರಿ! ಹೋಗಲು ಬಿಡುತ್ತಾಳೆಯೇ? ಹಳೆಯ ಚಿಪ್ಪಿನಿಂದ ಕಿತ್ತು ಹೊಸ ಚಿಪ್ಪಿಗೆ ಮುಡಿದುಕೊಳ್ಳುತ್ತಾಳೆ. ಅವಳ ಮಕ್ಕಳು ಮೊಮ್ಮಕ್ಕಳೂ ಅದನ್ನೇ ಕಲಿತರು. ಅಬ್ಬೆಯ ಅಂಗಳ ಎಂದೋ ಕಡಲುಪಾಲಾಯಿತು, ನನ್ನ ಮುಡಿಯಲ್ಲಿ ಇವತ್ತೂ ಅದೇ ಅಬ್ಬಲಿಗೆ ಇಲ್ಲವೇ?

ಅದಕ್ಕೇ ಇಂದಿಗೂ ಇಳಿತದ ಹೊತ್ತಿನಲ್ಲಿ ಬಂಡೆಯ ಸಂದಿಯಿಂದ ಪಾಚಿಯ ಮುದ್ದೆಯೊಂದು ಮೆಲ್ಲಗೆ ನಡೆದುಹೋಗುವುದು ನಿನಗೆ ಕಾಣುತ್ತದೆ. ಅದರ ಹಸಿರಿನೊಳಗೆ ಒಂದು ಕೆಂಪು ಎಳೆ ಕಂಡರೆ ಕೀಳಬೇಡ ಮಗಾ, ಅದು ತವರಿನದು.