ತಡವಾಗಿ ಊರಿದ ಕೈ

"ಗುರುಗಳೇ, ಕಾಯಿಲೆ ವಾಸಿಯಾದ ಮೇಲೂ ಮದ್ದಿಗೆ ಬರುವವರನ್ನು ಏನು ಮಾಡಬೇಕು?"

ಕೇಳಿದವನು ಮಠದ ಶಿಷ್ಯ ಅಡವೀಶ. ಅವನ ಮುಂದೆ ಆಗಷ್ಟೇ ಕೆಂಡದಿಂದ ಇಳಿಸಿದ ಎಣ್ಣೆಯ ಬಟ್ಟಲಿತ್ತು. ಹೊರಗೆ ಜಗಲಿಯ ಮೇಲೆ ಕೊಟ್ರಜ್ಜ ಕಾಲು ಚಾಚಿ ಕೂತಿದ್ದರು. ಅಜ್ಜನ ಮಂಡಿಗೆ ದಿನವೂ ಬಿಸಿ ಎಣ್ಣೆ ತಿಕ್ಕಿ ಎಕ್ಕದ ಎಲೆ ಕಟ್ಟುವುದು ಅಡವೀಶನ ಪಾಲಿಗೆ ಬಂದ ಕೆಲಸ.

"ಯಾರ ಮಾತು ಇದು?" ಎಂದರು ಗುರುಗಳು.

"ಕೊಟ್ರಜ್ಜನದೇ. ಬೆಳಿಗ್ಗೆ ಹಿತ್ತಿಲ ಗೋಡೆ ಹತ್ತಿ ನಿಂತು ನುಗ್ಗೆಕಾಯಿ ಕೀಳುತ್ತಿದ್ದರು. ನಾನೇ ಕಣ್ಣಾರೆ ಕಂಡೆ. ಇಲ್ಲಿಗೆ ಬರುವಾಗ ಮಾತ್ರ ಕುಂಟು. ಇನ್ನು ಬರಬೇಡಿ ಎಂದು ಹೇಳಿಬಿಡಲೇ?"

"ಹೇಳುವೆಯಂತೆ, ಅವಸರವೇನು? ಮೊದಲು ಕತೆ ಕೇಳು. ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಅವನಿಗೆ ಮಂಡಿ ನೋವು."

"ಹೋದ ವಾರ ಇದೇ ಕತೆ ಶುರು ಮಾಡಿ ನಿದ್ದೆ ಹೋದಿರಿ. ಆಗ ಅವನು ಕುಂಬಾರನಾಗಿದ್ದ."

"ಕುಂಬಾರನೇ ಸರಿ. ಆದರೆ ಕುಂಬಾರನ ಮನೆಯಲ್ಲಿ ಎಣ್ಣೆ ಎಲ್ಲಿಂದ ಬರಬೇಕು? ಇವತ್ತಿನ ಕತೆಗೆ ಎಣ್ಣೆ ಬೇಕು, ಅದಕ್ಕೇ ಗಾಣಿಗ. ಮಂಡಿ ಮಾತ್ರ ಅದೇ. ಸುಮ್ಮನೆ ಕೇಳು."

ಗುರುಗಳು ಹೇಳಿದ ಕತೆ ಇದು.

ಗಾಣಿಗ ಎತ್ತಿನ ಹಿಂದೆ ಗಾಣ ಸುತ್ತುತ್ತಿದ್ದ. ವರ್ಷಗಟ್ಟಲೆ ಒಂದೇ ಕಡೆಗೆ ತಿರುಗಿ ತಿರುಗಿ ಅವನ ಒಳಗಡೆಯ ಕಾಲಿನ ಮಂಡಿ ಸವೆದು ಊದಿಕೊಂಡಿತು. ಹೆಂಡತಿ ತೀರಿಹೋಗಿದ್ದಳು. ಮಕ್ಕಳಿರಲಿಲ್ಲ. ಅವನು ಎತ್ತಿನೊಡನೆ ಮಾತಾಡುತ್ತಿದ್ದ. ಗಾಣದ ಎತ್ತಿಗೆ ಕಣ್ಣು ಕಟ್ಟಿರುತ್ತಾರೆ. ಅದು ಇವನ ಮುಖ ನೋಡುತ್ತಿರಲಿಲ್ಲ. ಮಂಡಿ ಮಡಚದ ಕಾರಣ ಊಟವನ್ನು ಒಲೆಯ ಮುಂದೆ ನಿಂತೇ ಮುಗಿಸುತ್ತಿದ್ದ.

ಪಕ್ಕದ ಊರಿನಲ್ಲಿ ಕೀಲುನೋವಿಗೆ ಮದ್ದು ಮಾಡುವ ವೈದ್ಯನೊಬ್ಬನಿದ್ದ. ಎಣ್ಣೆ ತಿಕ್ಕುವುದು, ಶಾಖ ಕೊಡುವುದು, ಹಟ ಹಿಡಿದ ಕೀಲನ್ನು ದಿನಕ್ಕಿಷ್ಟು ಎಂದು ಮಡಚಿಸುವುದು, ಅವನ ವಿದ್ಯೆ ಅಷ್ಟೇ. ಆದರೆ ಅವನ ಮನೆಯಲ್ಲಿ ಒಂದು ಪದ್ಧತಿಯಿತ್ತು. ಅಮಾವಾಸ್ಯೆಯ ದಿನ ರೋಗಿಗಳನ್ನೆಲ್ಲ ಸಾಲಾಗಿ ಮಣೆಯ ಮೇಲೆ ಕೂರಿಸಿ ಊಟ ಹಾಕುತ್ತಿದ್ದ. ಉಂಡ ಮೇಲೆ ನೆಲಕ್ಕೆ ಕೈ ಊರದೆ ಯಾರು ಏಳುತ್ತಾರೋ ಅವರು ವಾಸಿಯಾದರು ಎಂದು ಲೆಕ್ಕ. ಅವರು ತಮ್ಮ ಮಣೆಯನ್ನು ಗೋಡೆಗೆ ಒರಗಿಸಿ ಹೊರಡಬೇಕು. ಅದೇ ನೋವಿಗೆ ಮತ್ತೆ ಆ ಹೊಸಿಲು ತುಳಿಯುವಂತಿಲ್ಲ. ತುಳಿದರೆ ವೈದ್ಯನ ಕೈಗುಣಕ್ಕೆ ಕುಂದು.

ಗಾಣಿಗ ಅಲ್ಲಿಗೆ ಹೋದ. ವೈದ್ಯ ಅವನ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಮತ್ತೊಬ್ಬರ ಕೈ ಹಾಗೆ ಮೈಗೆ ತಾಗಿ ಗಾಣಿಗನಿಗೆ ಬಹಳ ಕಾಲವಾಗಿತ್ತು.

ಮಳೆಗಾಲ ಕಳೆಯುವ ಹೊತ್ತಿಗೆ ಊತ ಇಳಿಯಿತು. ಕಾಲು ಮಡಚಿತು. ಆದರೂ ಗಾಣಿಗ ಪ್ರತಿ ಅಮಾವಾಸ್ಯೆಯೂ ಕೈ ಊರಿಯೇ ಎದ್ದ. "ಇನ್ನೂ ಆಗಿಲ್ಲ ಸ್ವಾಮಿ" ಎನ್ನುತ್ತಿದ್ದ. ಮರುದಿನ ಮತ್ತೆ ಎಣ್ಣೆಗೆ ಬರುತ್ತಿದ್ದ.

ವೈದ್ಯನ ಕಣ್ಣು ಚುರುಕು. ಗಾಣಿಗನ ಕಾಲು ಮೊದಲು ಎದ್ದಿರುತ್ತಿತ್ತು. ಕೈ ಆಮೇಲೆ ನೆನಪಾಗಿ ನೆಲ ಮುಟ್ಟುತ್ತಿತ್ತು.

ಇಲ್ಲಿ ಅಡವೀಶ ಬಾಯಿ ಹಾಕಿದ. "ಎಣ್ಣೆಯೇ ಬೇಕಾಗಿದ್ದರೆ ಅವನ ಮನೆಯಲ್ಲೇ ಇತ್ತಲ್ಲ, ಗುರುಗಳೇ?"

"ಇತ್ತು. ವೈದ್ಯನ ಮನೆಗೆ ಹೋಗುತ್ತಿದ್ದುದೂ ಅವನ ಗಾಣದ ಎಣ್ಣೆಯೇ" ಎಂದು ಗುರುಗಳು ಕತೆ ಮುಂದುವರಿಸಿದರು.

ಉಳಿದ ರೋಗಿಗಳು ಆಡಿಕೊಳ್ಳತೊಡಗಿದರು. "ಗಾಣಿಗನ ಮಂಡಿಗೇ ನಾಟದ ಎಣ್ಣೆ ನಮ್ಮ ಮಂಡಿಗೆ ನಾಟೀತೇ?" ಹೊಸದಾಗಿ ಬಂದವರು ಬಾಗಿಲಲ್ಲೇ ಆ ಮಾತು ಕೇಳಿ ಹಿಂದಿರುಗಿದರು. ವೈದ್ಯನಿಗೆ ಹೆಸರು ಕೆಡುವ ಭಯ ಹುಟ್ಟಿತು. ಗಾಣಿಗನನ್ನು ಎದುರಿಗೆ ಕೂರಿಸಿ ಸುಳ್ಳ ಎನ್ನಲು ಬಾಯಿ ಬರಲಿಲ್ಲ. ಅವನೊಂದು ಉಪಾಯ ಮಾಡಿದ.

ಮುಂದಿನ ಅಮಾವಾಸ್ಯೆ ಬಂತು. ಗಾಣಿಗ ಪಾಯಸದ ದೊನ್ನೆಯನ್ನು ಬಾಯಿಗೆ ಎತ್ತಿದ್ದ. ವೈದ್ಯ ಹಿಂದಿನಿಂದ ಬಂದು ಕೂಗಿದ: "ಚೇಳು! ಗಾಣಿಗ, ನಿನ್ನ ಮಣೆಯ ಕೆಳಗೆ ಚೇಳು!"

ಗಾಣಿಗ ಹಾರಿದ. ಬಾಗಿಲ ಹತ್ತಿರ ಹೋಗಿ ಎರಡು ಕಾಲಿನ ಮೇಲೆ ನೆಟ್ಟಗೆ ನಿಂತ. ದೊನ್ನೆ ಎರಡೂ ಕೈಯಲ್ಲಿ ಹಾಗೆಯೇ ಇತ್ತು. ಒಂದು ತೊಟ್ಟು ಪಾಯಸವೂ ಚೆಲ್ಲಿರಲಿಲ್ಲ.

"ಈ ಚೇಳು ನನಗೆ ಬಹಳ ಮೆಚ್ಚು" ಎಂದರು ಗುರುಗಳು. "ವೈದ್ಯನ ಜಾಗದಲ್ಲಿ ನಾನಿದ್ದರೂ ಅದನ್ನೇ ಬಿಡುತ್ತಿದ್ದೆ."

ಪಂಕ್ತಿಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. "ಕುಂಟ ಜಿಂಕೆಯಾದ ನೋಡ್ರೋ!" ಎಂದರು. ಗಾಣಿಗನೂ ಅವರೊಡನೆ ನಕ್ಕ. ನಗು ನಿಂತಿತು. ಎಲ್ಲರೂ ಅವನ ಮಣೆಯ ಕಡೆ ನೋಡಿದರು. ಗಾಣಿಗ ದೊನ್ನೆಯನ್ನು ಕೆಳಗಿಟ್ಟ. ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿದ. ಅದು ಜಾರಿ ಬಿತ್ತು. ಮತ್ತೆ ಒರಗಿಸಿದ.

"ಬರುತ್ತೇನೆ ಸ್ವಾಮಿ" ಎಂದ.

ಹೋಗಿ ಬಾ ಎಂದು ಯಾರೂ ಹೇಳಲಿಲ್ಲ. ಅಲ್ಲಿ ವಾಸಿಯಾದವರಿಗೆ ಹಾಗೆ ಹೇಳುವ ವಾಡಿಕೆಯಿರಲಿಲ್ಲ.

ವೈದ್ಯನ ಹೆಸರು ಮೊದಲಿಗಿಂತ ದೊಡ್ಡದಾಯಿತು. ಚೇಳಿನ ಸಂಗತಿ ಊರೂರು ಸುತ್ತಿತು. ಅವನ ಮನೆಯಲ್ಲಿ ಮಣೆಗಳು ಸಾಲದಾದವು.

ಬೇಸಗೆಯಲ್ಲಿ ಒಂದು ದಿನ ವೈದ್ಯ ಗಾಣಿಗನ ಊರಿಗೆ ಯಾರದೋ ಸೊಂಟ ನೋಡಲು ಬಂದ. ಹಿಂದಿರುಗುವಾಗ ಗಾಣದ ಮನೆಯ ಬಾಗಿಲು ತೆರೆದಿತ್ತು. ಹೊರಗೆ ಎತ್ತು ಕಣ್ಣುಪಟ್ಟಿ ಕಟ್ಟಿಕೊಂಡು ನಿಂತಿತ್ತು. ವೈದ್ಯ ಒಳಗೆ ಇಣುಕಿದ.

ಗಾಣಿಗ ಮಣೆಯ ಮೇಲೆ ಕೂತು ಉಣ್ಣುತ್ತಿದ್ದ. ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ಊಟ ಮುಗಿಯಿತು. ಗಾಣಿಗ ಎದ್ದ. ಕಾಲು ಮೊದಲು ಎದ್ದಿತು. ಆಮೇಲೆ ಕೈಗೆ ನೆನಪಾಯಿತು. ಅವನು ಬಗ್ಗಿ ನೆಲಕ್ಕೆ ಕೈ ಊರಿದ.

ತಲೆ ಎತ್ತಿದಾಗ ಬಾಗಿಲಲ್ಲಿ ವೈದ್ಯ ಕಂಡ. ಗಾಣಿಗನ ಮುಖ ಅರಳಿತು.

"ನೋಡಿದಿರಾ ಸ್ವಾಮಿ? ಇನ್ನೂ ಕೈ ಬೇಕು."

ವೈದ್ಯನ ಮನೆಯಲ್ಲಿ ರೋಗಿಗಳು ಕಾಯುತ್ತಿದ್ದರು. "ಇನ್ನೊಮ್ಮೆ ಬರುತ್ತೇನೆ" ಎಂದು ಅವನು ಹೊರಟುಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಜಗಲಿಯ ಮೇಲೆ ಕೊಟ್ರಜ್ಜ ಒಮ್ಮೆ ಕೆಮ್ಮಿದರು.

"ವೈದ್ಯ ಮತ್ತೆ ಹೋದನೇ, ಗುರುಗಳೇ?"

"ನನಗೇನು ಗೊತ್ತು ಮರಿ, ಎಣ್ಣೆ ಆರುವ ಮೊದಲು ನೀನು ಎದ್ದು ಜಗಲಿಗೆ ಹೋದರೆ ಗೊತ್ತಾದೀತು."