ನೀಲವ್ವನ ಹೊಲಕ್ಕೆ ಸುಣ್ಣ

ಹೊಳೆದಂಡೆಯ ಮಠಕ್ಕೆ ಶಿಷ್ಯ ಕರಿಬಸಯ್ಯ ಏದುಸಿರು ಬಿಡುತ್ತ ಓಡಿ ಬಂದಾಗ, ಗುರುಗಳಾದ ಅಜ್ಜಾರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು.

"ಅಜ್ಜಾರ, ಕೆಟ್ಟಿತ್ರೀ! ನೀಲವ್ವನ ಸಕ್ಕರಿ ಗಡ್ಡಿ ಪೂರಾ ಹಾಳಾತು!"

ಸಕ್ಕರೆ ಗಡ್ಡೆ ಅಂದರೆ ಬೀಟ್‌ರೂಟಿನ ಬಿಳಿ ತಂಗಿ. ಕಬ್ಬಿನ ಹಾಗೆ ಅದರಿಂದಲೂ ಸಕ್ಕರೆ ತೆಗೆಯುತ್ತಾರೆ. ಹೋದ ವರ್ಷ ಮಠದ ಕೆಂಪು ಹೊಲದಲ್ಲಿ ಅದರ ಸಸಿಗಳು ಕೊಳೆತಾಗ, ಮಣ್ಣು ಹುಳಿಯಾಗಿದೆ ಎಂದು ಅಜ್ಜಾರು ಸಕ್ಕರೆ ಕಾರ್ಖಾನೆಯವರು ರಸ ಶುದ್ಧ ಮಾಡಿ ಹೊರಗೆ ಸುರಿದ ಸುಣ್ಣದ ಮಡ್ಡಿ ತರಿಸಿ ಹಾಕಿಸಿದ್ದರು. ಬೆಳೆ ಬಂತು. ಅಷ್ಟು ನೋಡಿದ್ದೇ ತಡ, ನಮ್ಮ ಕರಿಬಸಯ್ಯ ಊರಿಗೆಲ್ಲ ಪಂಡಿತ!

"ಯಾಕ ಹಾಳಾತು?"

"ಎರಡು ಗಾಡಿ ಸುಣ್ಣದ ಮಡ್ಡಿ ಹಾಕವ್ವ ಅಂದಿದ್ದೆ. ಎಲಿ ಹಳದಿ ಆದ್ವು. ಮತ್ತೆರಡು ಹಾಕು ಅಂದೆ. ಈಗ ನಡುವಿನ ಸುಳಿನೇ ಕಪ್ಪಾಗೇತ್ರಿ."

"ಆಕಿ ಮಣ್ಣು ನೋಡಿದ್ದೇನು?"

"ಮಠದ ಮಣ್ಣು ನೋಡಿದ್ನಲ್ರೀ."

ಅಜ್ಜಾರು ಮಡಚಿದ ಎಲೆ ಅವನ ಕೈಗಿಟ್ಟರು. ಅವನು ಗಾಬರಿಯಲ್ಲೇ ಅಗಿದ. ಅಷ್ಟರಲ್ಲಿ ಅಜ್ಜಾರು ಬೆರಳ ತುದಿಯಲ್ಲಿ ದಪ್ಪಗೆ ಸುಣ್ಣ ತೆಗೆದು ಮುಂದೆ ಹಿಡಿದರು.

"ತಗೋ, ಇದನ್ನೂ ಹಾಕ್ಕೋ."

"ಎಲಿಗೆ ಮೊದಲ ಹಚ್ಚೇತ್ರಿ ಅಜ್ಜಾರ! ಬಾಯಿ ಸುಡತೈತಿ!"

"ಸುಡತೈತಿ ಅಂತ ಹೆಂಗ ತಿಳೀತು?"

"ಬಾಯಿ ನಂದಲ್ಲೇನ್ರೀ!"

"ಹೊಲ ಆಕಿದು," ಅಂದರು ಅಜ್ಜಾರು. "ಅಲ್ಲಿ ಎಂಥಾ ಮಣ್ಣು?"

"ಎರಿ ಮಣ್ಣು, ಕರೇದು. ಅಗದ್ರ ಬಿಳಿ ಹರಳು ಸಿಗತಾವ."

"ಎದರ ಹರಳು?"

ಕರಿಬಸಯ್ಯನಿಗೆ ಈಗ ಹೊಳೆಯಿತು: ಸುಣ್ಣದ ಹರಳು. ಆ ಹೊಲದಲ್ಲಿ ಸುಣ್ಣ ಮೊದಲಿಂದಲೂ ಇತ್ತು. ಅದರ ಮೇಲೆ ಇವನು ನಾಲ್ಕು ಗಾಡಿ ಹೇರಿಸಿದ್ದ.

ನೀಲವ್ವನಿಗೆ ಇದ್ದದ್ದು ಅದೊಂದೇ ಎಕರೆ. ಗಂಡ ತೀರಿಕೊಂಡ ಮೇಲೆ, ಹೆಂಗಸಿಗೆ ಒಕ್ಕಲುತನ ಏನು ತಿಳಿದೀತು ಎಂದು ಮೂಗು ಮುರಿದ ಮೈದುನರು ಈ ಒಂದು ಬೆಳೆಗೆ ಮಾತ್ರ ಅದನ್ನು ಅವಳ ಕೈಗೆ ಬಿಟ್ಟಿದ್ದರು. ಇದು ಹೋದರೆ ಹೊಲವೂ ಹೋಯಿತು.

"ಅಜ್ಜಾರ, ಕಾಲಿಗೆ ಬೀಳ್ತೀನಿ. ಬೆಳಿಗೆ ರೋಗ ಬಂದೇತಿ ಅಂತ ನೀವೊಂದು ಮಾತು ಹೇಳಿಬಿಡ್ರಿ. ನೀವು ಹೇಳಿದ್ರ ನಂಬತಾಳ."

"ನಂಬತಾಳ," ಅಂದು ಅಜ್ಜಾರು ಹೊಳೆಯತ್ತ ಮುಖ ತಿರುಗಿಸಿದರು.

ಹೊರಗೆ ಗಾಡಿ ನಿಂತ ಸದ್ದಾಯಿತು. ನೀಲವ್ವ ಒಳಗೆ ಬಂದಳು. ಸೆರಗಿನಲ್ಲಿದ್ದ, ಈಗಷ್ಟೇ ಕಿತ್ತ ಗಡ್ಡೆಯನ್ನು ಕರಿಬಸಯ್ಯನ ಮುಂದೆ ಹಿಡಿದಳು.

"ಅಯ್ಯನವರ, ಇನ್ನೂ ಕಪ್ಪಾಗಾಕತ್ತೇತಿ ನೋಡ್ರಿ. ಸುಣ್ಣ ಸಾಲಲಿಲ್ಲ ಅನಸತೈತಿ. ನೀವು ಹೇಳೂಕಿಂತ ಮೊದಲ ಇನ್ನೊಂದು ಗಾಡಿ ತುಂಬಿಸ್ಕೊಂಡು ಬಂದೀನಿ. ಹಾಕಿಸ್ಲೇನ್ರಿ?"

ಕರಿಬಸಯ್ಯ ಅಜ್ಜಾರ ಮುಖ ನೋಡಿದ. ಅಜ್ಜಾರು ಹೊಳೆ ನೋಡುತ್ತಿದ್ದರು.

"ಬ್ಯಾಡವ್ವ," ಅಂದ. "ತಪ್ಪು ನಂದು. ನಿನ್ನ ಮಣ್ಣು ನೋಡದನ ಹೇಳಿದೆ. ಸುಣ್ಣ ಹೆಚ್ಚಾಗೇ ಹಿಂಗಾಗೇತಿ."

ನೀಲವ್ವ ಗಡ್ಡೆಯನ್ನು ಅವನ ಕಾಲ ಬುಡಕ್ಕೆ ಎಸೆದಳು. "ಅಯ್ಯೋ, ನಿಮ್ಮನ್ನ ನಂಬಿದ್ನಲ್ರೀ ನಾನು!" ಬೈದಳು, ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು, "ಇದು ಇನ್ನ ಬದುಕತೈತೇನು? ಅಷ್ಟರ ಹೇಳ್ರಿ."

"ಗೊತ್ತಿಲ್ಲವ್ವ."

ಮಠ ಸೇರಿದ ಮೂರು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಅಜ್ಜಾರು ಈಗ ಅವನ ಕಡೆ ತಿರುಗಿದರು.

"ಗಾಡ್ಯಾಗಿನ ಸುಣ್ಣ ಇಲ್ಲೇ ಸುರುವಿ, ಆ ‘ಗೊತ್ತಿಲ್ಲ’ ತಗೊಂಡು ಆಕಿ ಹೊಲಕ್ಕ ಹೋಗು."