ಊಟದ ಮೇಲಿನ ಕ್ಷೌರ

ಕ್ಷೌರಿಕ ಕದರಯ್ಯನ ಕತ್ತಿ ಯಾರ ಕೆನ್ನೆಯನ್ನೂ ಗೀರಿದ್ದಿಲ್ಲ. ಅದು ಅವನ ಹೆಮ್ಮೆ. ಬೆಳಗಿನಲ್ಲಷ್ಟೇ ಕತ್ತಿ ಹಿಡಿಯುತ್ತಿದ್ದ, ಊಟವಾದ ಮೇಲೆ ಒಂದು ನಿದ್ದೆ ತೆಗೆಯುತ್ತಿದ್ದ. ಪಟೇಲ ಬೋರೇಗೌಡರಿಗೆ ಅದು ಸೊಕ್ಕಾಗಿ ಕಂಡಿತು.

"ಇವತ್ತು ಉಂಡವನೇ ಸೀದಾ ಬಾ. ನನ್ನ ಅಪ್ಪಣೆ ದೊಡ್ಡದೋ, ನಿನ್ನ ನಿದ್ದೆ ದೊಡ್ಡದೋ ನೋಡೇಬಿಡೋಣ."

ಕದರಯ್ಯ ಬಂದ. ಒಂದು ಕೆನ್ನೆ ನುಣ್ಣಗೆ ಬೋಳಿಸಿದ. ಕತ್ತಿ ಗಂಟಲಿಗೆ ಬಂದಾಗ ಬಾಯಿ ತುಂಬ ಆಕಳಿಸಿದ.

"ಏನೋ ಅದು?" ಪಟೇಲರು ಮಿಸುಕದೆ ಕೇಳಿದರು.

"ಈ ಹೊತ್ತಿಗೆ ಮೈಯೆಲ್ಲ ಮಲಗಿಬಿಡುತ್ತೆ ಗೌಡ್ರೆ. ಎಚ್ಚರ ಇರೋದು ಕೈ ಒಂದೇ. ಅದೂ ತಮ್ಮ ಅಪ್ಪಣೆಗೆ ಹೆದರಿ."

"ಕತ್ತಿ ತೆಗಿ. ಮೊದಲು ಮಲಗು."

ಕದರಯ್ಯ ಪಟೇಲರ ಜಗಲಿಯಲ್ಲೇ ಕಾಲು ಚಾಚಿ ಗೊರಕೆ ಹೊಡೆದ. ಅರ್ಧ ಮುಖದಲ್ಲಿ ನೊರೆ ಒಣಗುತ್ತಿದ್ದರೂ ಪಟೇಲರು ಪಕ್ಕದಲ್ಲೇ ಕೂತು, ದಾರಿಹೋಕರಿಗೆಲ್ಲ ಪಿಸುಗುಟ್ಟುತ್ತಿದ್ದರು: "ಸದ್ದು ಮಾಡಬೇಡ್ರಪ್ಪ, ಕದರಯ್ಯ ನಿದ್ದೆ ಪೂರ್ತಿ ಮುಗಿಸಲಿ."